17,244 ಹಲಗೆಗಳ ಮನೆ

(ಗ್ರಂಥಾಲಯ ವೃತ್ತಿಯಲ್ಲಿರುವವರ ಕೂಟವೊಂದರಲ್ಲಿ ಆಡಿದ ಮಾತುಗಳ ಬರಹ ರೂಪ. ಬರೆಯುವಾಗ ಅಲ್ಲಲ್ಲಿ ತಿದ್ದಿದ್ದೇನೆ. ಕೊನೆಯ ಪ್ರಶ್ನೋತ್ತರಗಳಲ್ಲಿ ಒಂದನ್ನು ಮಾತ್ರ ಉಳಿಸಿಕೊಂಡಿದ್ದೇನೆ.)

ಎಲ್ಲರಿಗೂ ನಮಸ್ಕಾರ.

ಟೋಕಿಯೊದ ಶಿಬುಯಾ ಅಂದರೆ ಎಲ್ಲರ ಕಣ್ಣಮುಂದೆ ಬರುವುದು ಆ ದೊಡ್ಡ ಚೌಕ. ಸಿಗ್ನಲ್ ಬಿಟ್ಟ ಕೂಡಲೇ ನಾಲ್ಕೂ ಕಡೆಯಿಂದ ಜನ ನುಗ್ಗುವ ಜಾಗ. ಅದಕ್ಕೆ ಬೆನ್ನು ಹಾಕಿ ಸುಮಾರು ಕಾಲು ಗಂಟೆ ನಡೆದರೆ ಕೊಕುಗಾಕುಯಿನ್ ವಿಶ್ವವಿದ್ಯಾಲಯದ ಆಸುಪಾಸಿಗೆ ಬರುತ್ತೀರಿ. ಅಲ್ಲಿ, ಮನೆಗಳ ನಡುವೆ, ಎರಡಂತಸ್ತಿನ ಒಂದು ಹಳೆಯ ಕಾಂಕ್ರೀಟ್ ಕಟ್ಟಡವಿದೆ. ಕಟ್ಟಿದ್ದು 1927ರಲ್ಲಿ. ಮುಂದೆ ಕೂತ ಭಂಗಿಯಲ್ಲಿ ಒಬ್ಬ ವಿದ್ವಾಂಸನ ಕಂಚಿನ ಪ್ರತಿಮೆ. ಓನ್ಕೊ ಗಕ್ಕಾಯ್ ಎಂಬ ವಿದ್ವತ್ ಸಂಘದ ಭವನ ಇದು. ಪ್ರತಿಮೆಯಲ್ಲಿರುವವನು ಹನವ ಹೊಕಿಯಿಚಿ, 1746ರಲ್ಲಿ ಹುಟ್ಟಿ 1821ರಲ್ಲಿ ತೀರಿಕೊಂಡ ಜಪಾನಿನ ಪಂಡಿತ. ಬಾಲ್ಯದಲ್ಲೇ ಕಣ್ಣು ಕಳೆದುಕೊಂಡವನು.

ಮ್ಯೂಸಿಯಂ ಅಂದಾಗ ನಾವು ನಿರೀಕ್ಷಿಸುವ ಥಳಕು ಇಲ್ಲಿ ಏನೂ ಇಲ್ಲ. ಟಚ್ ಸ್ಕ್ರೀನ್ ಇಲ್ಲ, ಕತ್ತಲೆ ಬೆಳಕಿನ ಆಟ ಇಲ್ಲ, ವಿದ್ವಾಂಸರ ಕನ್ನಡಕ, ಊರುಗೋಲು, ಚಹಾ ಬಟ್ಟಲು ಇಟ್ಟ ಗಾಜಿನ ಕಪಾಟುಗಳ ಸಾಲೂ ಇಲ್ಲ. ಇರುವುದು ಮರದ ಹಲಗೆಗಳು. ಒಟ್ಟು 17,244. ಪುಸ್ತಕ ಮುದ್ರಿಸಲು ಹೊಕಿಯಿಚಿ ಕೊರೆಸಿದ ಅಚ್ಚಿನ ಹಲಗೆಗಳು. ಕಟ್ಟಡ ಕಟ್ಟಿದ್ದೇ ಅವುಗಳಿಗಾಗಿ, ಮನುಷ್ಯರಿಗೆ ಕೂರಲು ಜಾಗ ಆಮೇಲೆ ಮಾಡಿದಂತಿದೆ.

ಹಲಗೆ ಇಟ್ಟಿರುವ ಕೋಣೆಗೆ ಕಾಲಿಟ್ಟ ಕೂಡಲೇ ಹಳೆಯ ಮರ ಮತ್ತು ಮಸಿಯ ವಾಸನೆ ಬರುತ್ತದೆ. ನೆಲದಿಂದ ಮೇಲಿನವರೆಗೆ ಕಪಾಟುಗಳು, ನಡುವೆ ಒಬ್ಬರು ಹೋಗುವಷ್ಟು ಓಣಿ. ಹಲಗೆಗಳನ್ನು ಮಲಗಿಸಿ ಪೇರಿಸಿಲ್ಲ, ಪುಸ್ತಕದ ಹಾಗೆ ನಿಲ್ಲಿಸಿದ್ದಾರೆ. ಕಾಡು ಚೆರ್ರಿ ಮರದವು. ಒಂದೊಂದೂ ಸುಮಾರು ಒಂದೂವರೆ ಅಡಿ ಉದ್ದ, ಒಂದು ಅಡಿಗಿಂತ ಕಡಿಮೆ ಅಗಲ. ಎರಡು ಶತಮಾನದ ಮಸಿ ಕುಡಿದು ಕಪ್ಪಾಗಿವೆ.

ಒಂದನ್ನು ಹತ್ತಿರದಿಂದ ನೋಡೋಣ. ಎರಡೂ ಮೈಯಲ್ಲಿ ಅಕ್ಷರಗಳು, ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುಗುಮುರುಗು. ಉಬ್ಬಿ ನಿಂತಿರುವುದು ಅಕ್ಷರ, ತಗ್ಗಿರುವುದು ಕಾಗದದ ಬಿಳಿ. ಅಂದರೆ ಅಕ್ಷರ ಕೊರೆಯುವುದಲ್ಲ, ಅಕ್ಷರವನ್ನು ಉಳಿಸಿ ಸುತ್ತಲಿನ ಮರವನ್ನು ತೆಗೆಯುವುದು. ಮೊದಲು ಲಿಪಿಕಾರ ತೆಳು ಕಾಗದದ ಮೇಲೆ ಚೊಕ್ಕಟವಾಗಿ ಪ್ರತಿ ಬರೆಯುತ್ತಾನೆ. ಆ ಹಾಳೆಯನ್ನು ಹಲಗೆಯ ಮೇಲೆ ಬೋರಲಾಗಿ ಅಂಟಿಸುತ್ತಾರೆ. ಹಿಂಬದಿಯಿಂದ ಕಾಣುವ ಗೆರೆಯ ಅಂಚು ಹಿಡಿದು ಕೆತ್ತುವವನು ಉಳಿ ನಡೆಸುತ್ತಾನೆ. ಕುಂಚದಿಂದ ಎಳೆದ ಗೆರೆಯ ತುದಿ ಕೂದಲಿನಷ್ಟು ಸಣ್ಣಗಾಗುವಲ್ಲಿ ಮರವೂ ಅಷ್ಟೇ ಸಣ್ಣಗೆ ಉಳಿಯಬೇಕು. ಒಂದು ಅಕ್ಷರ ತಪ್ಪಿದರೆ ಹಲಗೆ ಎಸೆಯುವಂತಿಲ್ಲ. ಆ ಅಕ್ಷರದಷ್ಟು ಜಾಗವನ್ನು ಚೌಕವಾಗಿ ತೋಡಿ, ಅಳತೆಗೆ ಸರಿಯಾದ ಮರದ ತುಂಡು ಬಡಿದು, ಅದರ ಮೇಲೆ ಮತ್ತೆ ಕೆತ್ತುವುದು ಈ ಕಸುಬಿನ ರೂಢಿ. ಕರಡು ತಿದ್ದುವ ಕೆಲಸ ಮಾಡಿದವರಿಗೆ ಈ ಮಾತು ಚೆನ್ನಾಗಿ ಅರ್ಥವಾಗುತ್ತದೆ: ಅವರಿಗೆ ತಿದ್ದುಪಡಿಯೆಂದರೆ ಬಡಗಿ ಕೆಲಸ.

ಹಲಗೆಯ ಒಂದು ಮೈಯಲ್ಲಿ ಎರಡು ಪುಟ. ಪುಟಕ್ಕೆ ಹತ್ತು ಸಾಲು, ಸಾಲಿಗೆ ಇಪ್ಪತ್ತು ಅಕ್ಷರ, ಒಟ್ಟು ನಾನೂರು. ಜಪಾನಿನಲ್ಲಿ ಹಸ್ತಪ್ರತಿ ಬರೆಯಲು ಬಳಸುವ ನಾನೂರು ಚೌಕದ ಕಾಗದ ನೋಡಿರಬಹುದು. ಅದರ ಮೂಲ ಈ ಹಲಗೆಗಳೇ ಎಂದು ಹೇಳುತ್ತಾರೆ. ಪುಟ ಎಷ್ಟಾಯಿತು, ಕಾಗದ ಎಷ್ಟು ಬೇಕು, ಕೆತ್ತನೆಗೆ ಎಷ್ಟು ಕೂಲಿ ಎಂದು ಕೂತಲ್ಲೇ ಲೆಕ್ಕ ಹಾಕಬಹುದಾದ ವ್ಯವಸ್ಥೆ ಅದು.

ಇನ್ನು ಮನುಷ್ಯನ ವಿಷಯ. ಈಗಿನ ಸೈತಾಮ ಪ್ರಾಂತದ ಹೊಂಜೊ ಬಳಿಯ ಹೊಕಿನೊ ಎಂಬ ಹಳ್ಳಿಯ ರೈತ ಕುಟುಂಬ. ಜಪಾನಿನ ಹಳೆಯ ಎಣಿಕೆಯಲ್ಲಿ ಏಳನೇ ವಯಸ್ಸಿಗೆ ಕಾಯಿಲೆಯಿಂದ ದೃಷ್ಟಿ ಹೋಯಿತು. ಹನ್ನೆರಡಕ್ಕೆ ತಾಯಿ ಹೋದಳು. ಹದಿನೈದಕ್ಕೆ, ತಾಯಿ ಹೊಲಿದುಕೊಟ್ಟ ಚೀಲದಲ್ಲಿ ಕೆಲವೇ ಕಾಸು ಇಟ್ಟುಕೊಂಡು ಎದೊ ಪಟ್ಟಣಕ್ಕೆ, ಅಂದರೆ ಈಗಿನ ಟೋಕಿಯೊಗೆ ಬಂದ. ಹೊಂಜೊದಲ್ಲಿ ಅವನದೇ ಇನ್ನೊಂದು ಸಣ್ಣ ಸ್ಮಾರಕ ಸಂಗ್ರಹಾಲಯವಿದೆ. ಅವನು ಹುಟ್ಟಿದ ಹುಲ್ಲು ಮಾಡಿನ ಮನೆಯೂ ಉಳಿದಿದೆ. ಬಾಲ್ಯದ ಕಥೆ ಬೇಕಾದವರು ಅಲ್ಲಿಗೆ ಹೋಗಬೇಕು.

ಎದೊದಲ್ಲಿ ಅವನು ಸೇರಿದ್ದು ತೋದೋಜ ಎಂಬ ಸಂಘಕ್ಕೆ. ಅಂಧರ ವೃತ್ತಿಸಂಘ, ಸರ್ಕಾರದ ಮನ್ನಣೆ ಪಡೆದದ್ದು. ಅಲ್ಲಿ ಸೇರಿದವರು ಮೈ ನೀವುವುದು, ಸೂಜಿ ಚಿಕಿತ್ಸೆ ಅಥವಾ ತಂತಿವಾದ್ಯ ಕಲಿಯಬೇಕು. ಒಳಗೆ 73 ಮೆಟ್ಟಿಲುಗಳ ಶ್ರೇಣಿ. ಮೇಲೆ ಹೋಗಲು ಹಣ ಕಟ್ಟಬೇಕು, ಹೋದವರಿಗೆ ಬಡ್ಡಿ ವ್ಯವಹಾರಕ್ಕೆ ಸರ್ಕಾರದ ರಕ್ಷಣೆ. ಒಳ್ಳೆಯದು ಕೆಟ್ಟದ್ದು ಎಂದು ಒಂದೇ ಮಾತಿನಲ್ಲಿ ತೀರ್ಮಾನಿಸುವುದು ಕಷ್ಟ. ಗೊತ್ತುಗುರಿಯಿಲ್ಲದ ಹಳ್ಳಿ ಹುಡುಗನಿಗೆ ಪಟ್ಟಣದಲ್ಲಿ ಸೂರು, ಊಟ, ಗುರು ಕೊಟ್ಟದ್ದು ಆ ಸಂಘ. ಅವನು ಇಂಥದ್ದೇ ಕೆಲಸ ಮಾಡಬೇಕೆಂದು ಕಟ್ಟಿಹಾಕಿದ್ದೂ ಅದೇ.

ಹೊಕಿಯಿಚಿಗೆ ಕೈಗೆಲಸ ಹತ್ತಲಿಲ್ಲ. ಸೂಜಿ ಹಿಡಿದರೆ ತಪ್ಪು, ವಾದ್ಯ ಹಿಡಿದರೆ ಅಪಸ್ವರ. ಬದುಕೇ ಬೇಡವೆಂದು ಅರಮನೆಯ ಕಂದಕಕ್ಕೆ ಬೀಳಹೊರಟವನನ್ನು ಜನ ಉಳಿಸಿದರಂತೆ. ಆಗ ಗುರು ಅಮೆತೊಮಿ ಹೇಳಿದ್ದು ಹೀಗೆ ಎನ್ನುತ್ತಾರೆ: ಕಳ್ಳತನ ಜೂಜು ಬಿಟ್ಟು ನಿನಗೆ ಇಷ್ಟವಾದದ್ದು ಮಾಡು, ಮೂರು ವರ್ಷ ನಾನೇ ಅನ್ನ ಹಾಕುತ್ತೇನೆ, ಆಮೇಲೂ ಏನೂ ಆಗದಿದ್ದರೆ ಊರಿಗೆ ಕಳಿಸುತ್ತೇನೆ. ಹುಡುಗ ಓದು ಬೇಕೆಂದ. ಈ ಕಥೆಯಲ್ಲಿ ನನಗೆ ದೊಡ್ಡವನಾಗಿ ಕಾಣುವುದು ಗುರುವೇ. ಶಿಷ್ಯನಿಗೆ ತನ್ನ ವಿದ್ಯೆ ಹತ್ತದು ಎಂದು ಒಪ್ಪಿಕೊಂಡು, ಅನ್ನವನ್ನೂ ನಿಲ್ಲಿಸದ ಗುರು ಎಲ್ಲಿ ಸಿಗುತ್ತಾನೆ?

ಕಣ್ಣಿಲ್ಲದವನು ಓದುವುದು ಹೇಗೆ? ಬೇರೆಯವರು ಓದಬೇಕು, ಇವನು ಕೇಳಬೇಕು. ಪಕ್ಕದ ಮನೆಯ ಸಮುರಾಯ್ ಅಧಿಕಾರಿಯೊಬ್ಬ ಕಚೇರಿಗೆ ಹೋಗುವ ಮುಂಚೆ ಬೆಳಗಿನ ಜಾವ ಓದಿ ಹೇಳುತ್ತಿದ್ದನಂತೆ. ಮೈ ನೀವಲು ಹೋದ ಮನೆಗಳಲ್ಲಿ ಕೂಲಿಯ ಬದಲು ಪುಸ್ತಕ ಓದಿಸಿಕೊಳ್ಳುತ್ತಿದ್ದನಂತೆ. ಒಬ್ಬ ಗೃಹಿಣಿ ಓದುವಾಗ, ಸೊಳ್ಳೆ ಹೊಡೆಯಲು ಕೈ ಹೋದರೆ ಗಮನ ತಪ್ಪುತ್ತದೆಂದು ಕೈಗಳನ್ನು ಹಗ್ಗದಿಂದ ಕಟ್ಟಿಕೊಂಡು ಕೂತಿದ್ದ ಎಂಬ ಕಥೆಯೂ ಇದೆ. ಇವನ ಬಗ್ಗೆ ಜಪಾನಿನಲ್ಲಿ ಪ್ರಸಿದ್ಧವಾದದ್ದು ಇನ್ನೊಂದು ಕಥೆ. ರಾತ್ರಿ ಪಾಠ ಹೇಳುತ್ತಿದ್ದಾಗ ಗಾಳಿಗೆ ದೀಪ ಆರಿತು, ಶಿಷ್ಯರು ತಡಬಡಾಯಿಸಿದರು, ಕಣ್ಣಿದ್ದವರ ಪಾಡು ಎಷ್ಟು ಕಷ್ಟ ಎಂದು ಗುರು ನಕ್ಕ. ಶಾಲೆಯ ಪಾಠಗಳಲ್ಲಿ ಬಂದ ಕಥೆ, ಚೆನ್ನಾಗಿಯೇ ಇದೆ. ಆದರೂ ನನ್ನ ಮತ ಸೊಳ್ಳೆಗೇ. ದೀಪದ ಕಥೆ ಅವನ ಚಾತುರ್ಯವನ್ನು ಹೇಳುತ್ತದೆ. ಸೊಳ್ಳೆಯದರಲ್ಲಿ ಓದುವವಳೂ ಇದ್ದಾಳೆ.

ಕಡೆಗೆ ಅವನು ಕಾಮೊ ನೊ ಮಬುಚಿಯ ಬಳಿಗೂ ಹೋದ. ಜಪಾನಿನ ಪ್ರಾಚೀನ ಸಾಹಿತ್ಯದ ಆ ಕಾಲದ ದೊಡ್ಡ ಗುರು ಅವನು. ಪಾಠ ಬಹಳ ದಿನ ನಡೆಯಲಿಲ್ಲ, 1769ರಲ್ಲಿ ಮಬುಚಿ ತೀರಿಕೊಂಡ.

ಹತ್ತು ವರ್ಷದ ಮೇಲೆ, 1779ರಲ್ಲಿ, ಹೊಕಿಯಿಚಿ ಒಂದು ಸಂಕಲ್ಪ ಮಾಡಿದ. ವಿದ್ಯೆಯ ದೇವರೆಂದು ಪೂಜೆಗೊಳ್ಳುವ ತೆನ್ಜಿನ್‌ಗೆ ಹರಕೆ ಹೊತ್ತ: ಚದುರಿ ಹೋಗಿರುವ ಪುಸ್ತಕಗಳನ್ನು ಒಟ್ಟುಮಾಡಿ ಅಚ್ಚು ಹಾಕಿಸುತ್ತೇನೆ, ಅದು ಮುಗಿಯಲೆಂದು ಪ್ರಜ್ಞಾಪಾರಮಿತಾ ಹೃದಯ ಸೂತ್ರವನ್ನು ಹತ್ತು ಲಕ್ಷ ಸಲ ಪಠಿಸುತ್ತೇನೆ. ಸಂಸ್ಕೃತದಿಂದ ಚೀನಾ ಮಾರ್ಗವಾಗಿ ಹೋದ ಆ ಪುಟ್ಟ ಸೂತ್ರವನ್ನು ದಿನಕ್ಕೆ ನೂರು ಸಲ ಹೇಳಿದರೂ ಹತ್ತು ಲಕ್ಷ ಮುಟ್ಟಲು 27 ವರ್ಷ ಬೇಕು. ಅಂದರೆ ಎಷ್ಟು ಕಾಲ ಹಿಡಿಯುವ ಕೆಲಸ ಎಂಬ ಅಂದಾಜು ಅವನಿಗೆ ಮೊದಲೇ ಇತ್ತು. ಹಿಡಿದದ್ದು ನಲವತ್ತು ವರ್ಷ.

ಯಾವ ಪುಸ್ತಕಗಳು ಎಂಬುದೇ ಇಲ್ಲಿ ಮುಖ್ಯ. ದೊಡ್ಡ ಗ್ರಂಥಗಳಿಗೆ ದಿಕ್ಕಿದೆ, ಯಾರಾದರೂ ಪ್ರತಿ ಮಾಡುತ್ತಾರೆ, ಯಾವುದಾದರೂ ಮಠದಲ್ಲೋ ಅರಮನೆಯಲ್ಲೋ ಉಳಿಯುತ್ತವೆ. ಅವನು ಕೈಹಾಕಿದ್ದು ಹೆಚ್ಚಾಗಿ ಸಣ್ಣವಕ್ಕೆ. ಒಂದೆರಡು ಸುರುಳಿಯಷ್ಟಿರುವ, ಯಾರದೋ ಮನೆಯ ಪೆಟ್ಟಿಗೆಯ ತಳದಲ್ಲಿ ಬಿದ್ದಿರುವ, ಒಂದು ಬೆಂಕಿ ಬಿದ್ದರೆ ಹೆಸರೂ ಇಲ್ಲದಂತಾಗುವ ಪುಸ್ತಕಗಳಿಗೆ. ಎದೊ ಮೇಲಿಂದ ಮೇಲೆ ಬೆಂಕಿಗೆ ಬೀಳುತ್ತಿದ್ದ ಮರದ ಪಟ್ಟಣ ಎಂಬುದನ್ನು ನೆನಪಿಡಿ. ಗ್ರಂಥಾಲಯದಲ್ಲಿ ನಾವು ದಿನವೂ ನೋಡುತ್ತೇವಲ್ಲ, ದಪ್ಪ ಪುಸ್ತಕ ಕಳೆದರೆ ಹುಡುಕಾಟ ನಡೆಯುತ್ತದೆ, ನಲವತ್ತು ಪುಟದ ಕಿರುಹೊತ್ತಿಗೆ ಕಳೆದದ್ದು ಗೊತ್ತೇ ಆಗುವುದಿಲ್ಲ. ಹೊಕಿಯಿಚಿ ಆ ಕಿರುಹೊತ್ತಿಗೆಗಳ ಪಕ್ಷ ವಹಿಸಿದವನು.

ಮಾದರಿಗೆಂದು 1786ರಲ್ಲಿ ಒಂದು ಕಥಾಸಂಗ್ರಹವನ್ನು ಅಚ್ಚು ಹಾಕಿಸಿದ. ಹೀಗೆ ಒಟ್ಟುಮಾಡಿ ಅಚ್ಚು ಹಾಕಿಸಿದ ಪುಸ್ತಕಗಳ ಮಾಲಿಕೆಯ ಹೆಸರು ಗುನ್ಶೊ ರುಯಿಜು. 1819ರಲ್ಲಿ ಮುಗಿದಾಗ 1,273 ಕೃತಿಗಳು, 530 ಸಂಪುಟಗಳು, ಹೊಲಿದ ಹೊತ್ತಿಗೆಗಳಾಗಿ ಎಣಿಸಿದರೆ 666. ಎಲ್ಲವನ್ನೂ 25 ವಿಭಾಗ ಮಾಡಿದ್ದಾನೆ. ದೇವತೆಗಳು, ಚಕ್ರವರ್ತಿಗಳು, ವಂಶಾವಳಿ, ಅಧಿಕಾರ ಪದವಿ, ಕಾನೂನು ಎಂದು ಗಂಭೀರವಾಗಿ ಶುರುವಾಗಿ, ಉಡುಪು, ಪತ್ರ, ಕವಿತೆ, ಕಥೆ, ದಿನಚರಿ, ಪ್ರವಾಸ, ಸಂಗೀತಕ್ಕೆ ಬಂದು, ಅಲ್ಲಿಂದ ಕಾಲ್ಚೆಂಡು, ಡೇಗೆ ಬೇಟೆ, ಆಟ, ಅಡುಗೆಗೆ ಇಳಿದು, ಯುದ್ಧ, ಯೋಧರು, ಬೌದ್ಧರು ಮುಗಿಸಿ, ಇತರೆಯಲ್ಲಿ ನಿಲ್ಲುತ್ತದೆ. ಗೆಂಜಿಯ ಕಥೆ ಬರೆದ ಮುರಸಾಕಿ ಶಿಕಿಬುವಿನ ದಿನಚರಿಯ ಜೊತೆಗೆ ಮೀನು ಕೊಯ್ಯುವ ಚಾಕುವಿನ ಶಾಸ್ತ್ರವಿದೆ, ತೋಟದಲ್ಲಿ ಕಲ್ಲು ಹೇಗೆ ನಿಲ್ಲಿಸಬೇಕೆಂದು ಹೇಳುವ ಪುಸ್ತಕವಿದೆ. ನಮ್ಮ ವೃತ್ತಿಯವರು ಈ 25ರ ಪಟ್ಟಿಯನ್ನು ಒಮ್ಮೆ ನಿಧಾನವಾಗಿ ನೋಡಬೇಕು. ಅಡುಗೆಯನ್ನು ಇತರೆಗೆ ತಳ್ಳದೆ ಅದಕ್ಕೇ ಒಂದು ವಿಭಾಗ ಕೊಟ್ಟ ಸೂಚಿಕಾರ ಅವನು.

ಇಷ್ಟನ್ನು ಒಬ್ಬ ಕಣ್ಣಿಲ್ಲದವನು ನೆನಪಿನ ಬಲದಿಂದಲೇ ಮಾಡಿದ ಎಂದು ಹೇಳಿ ಕೈಮುಗಿದುಬಿಡುವುದು ಸುಲಭ. ನೆನಪಿನ ಶಕ್ತಿ ಅಸಾಧಾರಣವಾಗಿತ್ತು, ಅದರಲ್ಲಿ ಅನುಮಾನವಿಲ್ಲ. ಆದರೆ ಆ ಕಪಾಟುಗಳ ನಡುವೆ ನಿಂತರೆ ಪವಾಡದ ಮಾತು ಸಾಲದು ಅನ್ನಿಸುತ್ತದೆ. ಒಂದೇ ಕೃತಿಯ ಬೇರೆ ಬೇರೆ ಪ್ರತಿಗಳನ್ನು ತರಿಸಬೇಕು. ಒಬ್ಬ ಓದಬೇಕು, ಇನ್ನೊಬ್ಬ ಬೇರೆ ಪ್ರತಿ ಹಿಡಿದು ತಾಳೆ ನೋಡಬೇಕು, ಪಾಠ ಎಲ್ಲಿ ಬೇರೆಯಾಗುತ್ತದೆಂದು ಕೇಳಿ ಯಾವುದು ಸರಿ ಎಂದು ಇವನು ಹೇಳಬೇಕು. ಯಶಿರೊ ಹಿರೊಕತ, ನಕಾಯಮ ನೊಬುನ ಮೊದಲಾದ ಶಿಷ್ಯರು ಈ ಕೆಲಸದಲ್ಲಿದ್ದರು. ಲಿಪಿಕಾರರು, ಕೆತ್ತುವವರು, ಮುದ್ರಿಸುವವರು ಬೇರೆ. ಮನೆತನದ ಗುಟ್ಟೆಂದು ಪ್ರತಿ ಮುಚ್ಚಿಟ್ಟ ಶ್ರೀಮಂತರನ್ನು ಒಪ್ಪಿಸಬೇಕಿತ್ತು. ಹಲಗೆಗೆ, ಕೂಲಿಗೆ ಸಾಲ ಎತ್ತಬೇಕಿತ್ತು, ಒಸಾಕದ ವರ್ತಕರವರೆಗೂ. 1783ರಲ್ಲಿ ಅವನು ಅಂಧರ ಸಂಘದಲ್ಲಿ ಕೆಂಗ್ಯೊ ಎಂಬ ಮೇಲಿನ ದರ್ಜೆಗೆ ಏರಿದ್ದು ಇಲ್ಲಿ ಕೆಲಸಕ್ಕೆ ಬಂತು, ದೊಡ್ಡವರ ಬಾಗಿಲು ತೆರೆಯಿತು. 1793ರಲ್ಲಿ ಶೋಗುನ್ ಸರ್ಕಾರದ, ಅಂದರೆ ಚಕ್ರವರ್ತಿಯ ಹೆಸರಿನಲ್ಲಿ ಆಗ ದೇಶ ಆಳುತ್ತಿದ್ದ ಸೇನಾಧಿಪತಿಯ ಸರ್ಕಾರದ ಒಪ್ಪಿಗೆ ಪಡೆದು ವಗಾಕು ಕೋದಾನ್ಶೊ ಎಂಬ ಅಧ್ಯಯನ ಸಂಸ್ಥೆ ತೆರೆದ. ಚೀನೀ ವಿದ್ಯೆಗೆ ಮಾತ್ರ ಮರ್ಯಾದೆಯಿದ್ದ ಕಾಲದಲ್ಲಿ ಜಪಾನಿನ ಹಳೆಯ ಗ್ರಂಥಗಳಿಗೆಂದೇ ಒಂದು ಶಾಲೆ.

ಜಪಾನಿನ ಆರು ಅಧಿಕೃತ ರಾಷ್ಟ್ರ ಚರಿತ್ರೆಗಳಲ್ಲಿ ಮೂರನೆಯದಾದ ನಿಹೊನ್ ಕೋಕಿಯಲ್ಲಿ 40 ಸಂಪುಟಗಳಿದ್ದವು. ಕಾಲಾಂತರದಲ್ಲಿ ಕಾಣೆಯಾಗಿತ್ತು. ಈಗ ಉಳಿದಿರುವುದು 10. ಆ ಹತ್ತನ್ನು ಹುಡುಕಿ ಮರಕ್ಕಿಳಿಸಿದವರು ಹೊಕಿಯಿಚಿಯ ಕಡೆಯವರು. ಮಾಲಿಕೆಗೆ ಹೊರತಾದ ಈ ಒಂದೇ ಕೆಲಸ ಸಾಕಿತ್ತು ಹೆಸರು ಉಳಿಯಲು.

ಅವನು ತೀರಿಕೊಂಡ ಮೇಲಿನ ಕಥೆ ವಿಚಿತ್ರವಾದದ್ದು. ಸಂಸ್ಥೆಯನ್ನು ಮಗ ತದತೊಮಿ ನಡೆಸಿದ. 1863ರ ಆರಂಭದಲ್ಲಿ ಒಂದು ರಾತ್ರಿ ಇಬ್ಬರು ತರುಣರು ಅವನನ್ನು ಕತ್ತಿಯಿಂದ ಕಡಿದರು. ಚಕ್ರವರ್ತಿಯನ್ನು ಪದಚ್ಯುತಗೊಳಿಸಲು ಹಳೆಯ ಪೂರ್ವನಿದರ್ಶನಗಳನ್ನು ಸರ್ಕಾರಕ್ಕೆ ಹುಡುಕಿಕೊಡುತ್ತಿದ್ದಾನೆ ಎಂಬ ಗಾಳಿಮಾತು ಹಬ್ಬಿತ್ತು. ನಿಜವಾಗಿ ಅವನಿಗೆ ವಹಿಸಿದ್ದ ಕೆಲಸ ಹಿಂದೆ ವಿದೇಶಿಯರನ್ನು ಹೇಗೆ ನಡೆಸಿಕೊಳ್ಳುತ್ತಿದ್ದರು ಎಂಬುದನ್ನು ಹುಡುಕುವುದು. ದಾಖಲೆ ಹುಡುಕಿದ್ದಕ್ಕೆ ಜೀವ ಹೋಯಿತು. ಆ ಇಬ್ಬರಲ್ಲಿ ಒಬ್ಬ ಇತೊ ಹಿರೊಬುಮಿ, 1885ರಲ್ಲಿ ಜಪಾನಿನ ಮೊದಲ ಪ್ರಧಾನಿಯಾದವನು. ಇನ್ನೊಬ್ಬ ಯಮಾವೊ ಯೋಜೊ. ಅದೇ ವರ್ಷ ಇಬ್ಬರೂ ಕಳ್ಳದಾರಿಯಲ್ಲಿ ಇಂಗ್ಲೆಂಡಿಗೆ ಹಡಗು ಹತ್ತಿದರು. ಯಮಾವೊ ಗ್ಲಾಸ್ಗೋದ ಹಡಗುಕಟ್ಟೆಯಲ್ಲಿ ಕೆಲಸ ಕಲಿಯುವಾಗ ಕಿವುಡರು ಕೈಸನ್ನೆಯಲ್ಲಿ ಮಾತಾಡಿಕೊಂಡು ಎಲ್ಲರ ಸಮಕ್ಕೆ ದುಡಿಯುವುದನ್ನು ಕಂಡ. ಊರಿಗೆ ಮರಳಿ 1871ರಲ್ಲಿ ಅಂಧರಿಗೂ ಕಿವುಡರಿಗೂ ಶಾಲೆ ಬೇಕೆಂದು ಸರ್ಕಾರಕ್ಕೆ ಮನವಿ ಸಲ್ಲಿಸಿದ. ಅಂಧರ ತೋದೋಜ ಸಂಘವನ್ನು, ಶೋಗುನ್ ಆಳ್ವಿಕೆ ಹೋದ ಮೇಲೆ ಬಂದ ಹೊಸ ಸರ್ಕಾರ ರದ್ದು ಮಾಡಿದ್ದೂ ಅದೇ ವರ್ಷ. ಕೊಂದ ಪಾಪಕ್ಕೆ ಪ್ರಾಯಶ್ಚಿತ್ತ ಎಂದು ಊಹಿಸುವವರಿದ್ದಾರೆ. ನನಗೆ ಆ ಊಹೆ ಸ್ವಲ್ಪ ಸಿನಿಮೀಯವಾಗಿ ಕಾಣುತ್ತದೆ. ಹಡಗುಕಟ್ಟೆಯಲ್ಲಿ ಕಣ್ಣಾರೆ ಕಂಡದ್ದೇ ಸಾಕಷ್ಟು ಕಾರಣವಲ್ಲವೇ?

ಹಲಗೆಗಳು ಸರ್ಕಾರದ ಉಗ್ರಾಣ ಸೇರಿ ಮರೆತುಹೋದವು. ಅವನ್ನು ಬಿಡಿಸಿಕೊಂಡು ಕಾಪಾಡಲು ಹೊಕಿಯಿಚಿಯ ಮರಿಮಗ, ಉದ್ಯಮಿ ಶಿಬುಸಾವ ಎಯಿಯಿಚಿ, ಮತ್ತಿತರರು ಸೇರಿ 1909ರಲ್ಲಿ ಈ ಸಂಘ ಕಟ್ಟಿದರು. 1923ರ ಭೂಕಂಪದಿಂದ ಹಲಗೆಗಳು ಪಾರಾದವು. ಭವನಕ್ಕೆ ಕಾಂಕ್ರೀಟ್ ಬಳಸಿದ್ದು ಯಾಕೆಂದು ಬೇರೆ ಹೇಳಬೇಕಿಲ್ಲ. 1945ರ ಬಾಂಬ್ ದಾಳಿಯಲ್ಲಿ ಟೋಕಿಯೊ ಸುಟ್ಟಾಗಲೂ ಉಳಿದವು. 1957ರಲ್ಲಿ ರಾಷ್ಟ್ರದ ಮಹತ್ವದ ಸಾಂಸ್ಕೃತಿಕ ಆಸ್ತಿ ಎಂಬ ಮನ್ನಣೆ ಸಿಕ್ಕಿತು. ನನಗೆ ಹೆಚ್ಚು ಹಿಡಿಸಿದ್ದು ಇದು: ಮನ್ನಣೆ ಸಿಕ್ಕಿತೆಂದು ಬೀಗ ಹಾಕಿ ಕೂರಲಿಲ್ಲ. ಅದೇ ಹಲಗೆಗೆ ಮಸಿ ಸವರಿ, ಕಾಗದ ಹಾಸಿ, ಬೆನ್ನ ಮೇಲೆ ಉಜ್ಜಿ ಹಾಳೆ ತೆಗೆಯುವ ಕೆಲಸ ಅಲ್ಲಿ ಈಚಿನ ಕಾಲದವರೆಗೂ ನಡೆದುಬಂದಿದೆ.

1937ರ ಏಪ್ರಿಲ್‌ನಲ್ಲಿ ಇಲ್ಲಿಗೆ ಹೆಲೆನ್ ಕೆಲರ್ ಬಂದಿದ್ದರು. ಚಿಕ್ಕಂದಿನಲ್ಲಿ ತಾಯಿ ಹೊಕಿಯಿಚಿಯ ಕಥೆ ಹೇಳಿ ಅವನನ್ನು ಮಾದರಿಯಾಗಿ ಇಟ್ಟುಕೋ ಎಂದಿದ್ದರೆಂದು ಕೆಲರ್ ಹೇಳಿಕೊಂಡರು. ಅವನ ಪ್ರತಿಮೆಯನ್ನೂ ಬರೆಯುವ ಮೇಜನ್ನೂ ಕೈಯಿಂದ ಮುಟ್ಟಿ ನೋಡಿದರು. ಸಾಮಾನ್ಯವಾಗಿ ಸಂಗ್ರಹಾಲಯಗಳಲ್ಲಿ ‘ಮುಟ್ಟಬೇಡಿ’ ಎಂಬ ಫಲಕ ಇರುತ್ತದೆ. ಅಂದು ಮುಟ್ಟದೆ ಬೇರೆ ದಾರಿಯೇ ಇರಲಿಲ್ಲ.

ಪ್ರಶ್ನೆ: ಅವನಿಗೆ ಬ್ರೈಲ್ ಬರುತ್ತಿತ್ತೇ? ಸ್ವಂತವಾಗಿ ಏನನ್ನಾದರೂ ಓದಿದ್ದನೇ?

ಇಲ್ಲ. 1821ರಲ್ಲಿ ಹೊಕಿಯಿಚಿ ತೀರಿಕೊಂಡಾಗ ಲೂಯಿ ಬ್ರೈಲ್ ಪ್ಯಾರಿಸ್‌ನ ಶಾಲೆಯಲ್ಲಿದ್ದ 12 ವರ್ಷದ ಹುಡುಗ. ಅಂಗೈ ಮೇಲೆ ಅಕ್ಷರ ಬರೆಸಿಕೊಂಡು ಹೊಕಿಯಿಚಿ ಅವುಗಳ ಆಕಾರ ತಿಳಿದುಕೊಂಡಿದ್ದ ಎನ್ನುತ್ತಾರೆ. ಆದರೆ ಪುಸ್ತಕವನ್ನು ತಾನೇ ಓದುವ ದಾರಿ ಅವನಿಗೆ ಇರಲಿಲ್ಲ, 1,273 ಕೃತಿಗಳೂ ಬೇರೆಯವರ ದನಿಯಲ್ಲೇ ಅವನ ಕಿವಿಗೆ ಬಿದ್ದವು. ಜಪಾನೀ ಭಾಷೆಗೆ ಬ್ರೈಲ್ ಹೊಂದಿಸಿದವನು ಇಶಿಕಾವ ಕುರಾಜಿ ಎಂಬ ಮೇಷ್ಟ್ರು. ಅದನ್ನು 1890ರ ನವೆಂಬರ್ 1ರಂದು ಟೋಕಿಯೊದ ಅಂಧ ಮತ್ತು ಮೂಗರ ಶಾಲೆಯಲ್ಲಿ ಅಂಗೀಕರಿಸಿದರು. ಆ ಶಾಲೆ ಮೊದಲು ಕುನ್ಮೋಯಿನ್ ಎಂಬ ಹೆಸರಿನಲ್ಲಿ ಶುರುವಾದದ್ದು. ಅದನ್ನು ಕಟ್ಟಿ ನಡೆಸಿದವರಲ್ಲಿ ಯಮಾವೊ ಯೋಜೊ ಕೂಡ ಒಬ್ಬ.